70 ಆರ್ ಎಂಬ ತಾಯಿತ

ಸೇತುವೆ ವಿನ್ಯಾಸ ಮಾಡುವವರ ನಡುವೆ ಕುಳಿತು ‘ಲೈವ್ ಲೋಡ್ ಹೇಗೆ ಹಿಡಿದಿರಿ?’ ಎಂದು ಕೇಳಿ ನೋಡಿ. ‘70 ಆರ್‌ಗೆ ಮಾಡಿದ್ದೇವೆ ಸಾರ್, ಇನ್ನೇನು ಬೇಕು?’ ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯಿತು. ಬೆನ್ನಿಗೇ ಒಂದು ಹೆಮ್ಮೆಯ ಮಾತೂ ಬರುತ್ತದೆ: ನಮ್ಮ ಸಂಹಿತೆಯ ವಾಹನಭಾರ ಅಮೆರಿಕದವರದಕ್ಕಿಂತ ಜಾಸ್ತಿ, ಹಾಗಾಗಿ ನಮ್ಮ ಗರ್ಡರ್ ಗಟ್ಟಿ. ಎಲ್ಲಾದರೂ ಸೇತುವೆ ಕುಸಿದರೆ ಇದೇ ನಂಬಿಕೆಯನ್ನು ತಿರುಗಿಸಿ ಹೇಳಿದರಾಯಿತು: ನಾವು ಸರಿಯಾಗಿಯೇ ಕಟ್ಟಿದ್ದೆವು, ಲಾರಿಯವರು ಓವರ್‌ಲೋಡ್ ಮಾಡಿದರು. ಹೀಗೆ 70 ಆರ್ ಎಂಬುದು ನಮ್ಮ ಕಚೇರಿಗಳಲ್ಲಿ ತೋಳಿಗೆ ಕಟ್ಟಿದ ತಾಯಿತವಾಗಿದೆ. ಕಟ್ಟಿಕೊಂಡವನಿಗೆ ಧೈರ್ಯ ಬರುತ್ತದೆ, ಒಳಗೇನಿದೆ ಎಂದು ಬಿಚ್ಚಿ ನೋಡುವುದಿಲ್ಲ. ಬಿಚ್ಚಿ ನೋಡುವುದೇ ಈ ಲೇಖನದ ಕೆಲಸ.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ:6 ಎಂಬ ಸಂಹಿತೆ ಮೊದಲು ಅಚ್ಚಾದದ್ದು 1958ರಲ್ಲಿ. ಆಮೇಲೆ ಎಷ್ಟೋ ಪರಿಷ್ಕರಣೆಗಳಾಗಿವೆ, ಅದರ ಮುಖ್ಯ ಬಂಡಿಗಳು ಮಾತ್ರ ಹಳೆಯವೇ. ಕ್ಲಾಸ್ ಎ ಎಂಬುದು ಒಂದು ಎಳೆಯುವ ವಾಹನ, ಹಿಂದೆ ಎರಡು ಟ್ರೇಲರ್, ಒಟ್ಟು ಎಂಟು ಆಕ್ಸಲ್, 55.4 ಟನ್. 70 ಆರ್‌ನ ಚಕ್ರದ ವಾಹನಕ್ಕೆ ಏಳು ಆಕ್ಸಲ್, 100 ಟನ್, ಮೊದಲ ಆಕ್ಸಲ್‌ನಿಂದ ಕೊನೆಯದಕ್ಕೆ 13.4 ಮೀಟರ್. ಅದೇ ವರ್ಗದಲ್ಲಿ ಟ್ಯಾಂಕಿನಂತೆ ಪಟ್ಟಿಯ ಮೇಲೆ ಹರಿಯುವ 70 ಟನ್ನಿನ ಇನ್ನೊಂದು ವಾಹನ, ಜೊತೆಗೆ 1.22 ಮೀಟರ್ ಅಂತರದ ಎರಡು ಆಕ್ಸಲ್ ಮೇಲೆ 40 ಟನ್ ಹೊತ್ತ ಬೋಗಿ. ಇವುಗಳಲ್ಲಿ ಒಂದನ್ನಾದರೂ ನೀವು ತುಮಕೂರು ರಸ್ತೆಯಲ್ಲಿ ಕಂಡಿದ್ದೀರಾ? ಎರಡೆರಡು ಟ್ರೇಲರ್ ಕಟ್ಟಿಕೊಂಡು ಎಳೆಯುವುದನ್ನು ನಾನು ನೋಡಿರುವುದು ಮಂಡ್ಯ, ಬೆಳಗಾವಿಯ ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಮಾತ್ರ. ಅವುಗಳ ತೂಕವೇ ಬೇರೆ, ಆಕ್ಸಲ್ಲೇ ಬೇರೆ.

ಬಂಡಿ ಕಾಲ್ಪನಿಕ ಎಂಬುದು ನನ್ನ ತಕರಾರಲ್ಲ. ವಿನ್ಯಾಸಕ್ಕೆ ಕಲ್ಪಿತ ವಾಹನ ಬೇಕೇ ಬೇಕು. ರಸ್ತೆಯ ಮೇಲಿನ ಸಾವಿರ ಬಗೆಯ ಲಾರಿಗಳನ್ನು ಒಂದೊಂದಾಗಿ ಗರ್ಡರ್ ಮೇಲೆ ಓಡಿಸಿ ನೋಡುವುದು ಯಾರಿಂದಲೂ ಆಗದು. ಅಮೆರಿಕದ ಎಚ್‌ಎಲ್-93 ಕೂಡ ಕಲ್ಪಿತವೇ, ಯುರೋಪಿನ ಲೋಡ್ ಮಾಡೆಲ್ 1 ಕೂಡ ಕಲ್ಪಿತವೇ. ಆದರೆ ಆ ಕಲ್ಪನೆ ಹುಟ್ಟಿದ ಬಗೆ ನೋಡಿ. 1975ರಲ್ಲಿ ಕೆನಡಾದ ಒಂಟಾರಿಯೋದಲ್ಲಿ 9,250 ಭಾರಿ ಲಾರಿಗಳನ್ನು ತೂಗಿದ ಲೆಕ್ಕ ಇತ್ತು. ಅದನ್ನು ಹಿಡಿದು, 75 ವರ್ಷದ ಬಾಳಿಕೆಯಲ್ಲಿ ಒಂದು ಸೇತುವೆ ಕಾಣಬಹುದಾದ ಅತಿ ದೊಡ್ಡ ಪರಿಣಾಮ ಎಷ್ಟೆಂದು ಅಂದಾಜಿಸಿ, ಆ ಪರಿಣಾಮಕ್ಕೆ ಹೊಂದುವಂತೆ ಅಮೆರಿಕದವರು ತಮ್ಮ ವಾಹನವನ್ನು ಬರೆದರು. ಯುರೋಪಿನವರು 1986ರಲ್ಲಿ ಫ್ರಾನ್ಸಿನ ಆಕ್ಸೇರ್ ಬಳಿ ಪ್ಯಾರಿಸ್–ಲಿಯಾನ್ ಹೆದ್ದಾರಿಯಲ್ಲಿ ದಾಖಲಿಸಿದ ಸಂಚಾರವನ್ನು ಮುಖ್ಯ ಆಧಾರ ಮಾಡಿಕೊಂಡು, ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ಪರಿಣಾಮಕ್ಕೆ ಸರಿಹೊಂದಿಸಿದರು. ಅಂದರೆ ಆ ಚಿತ್ರಗಳ ಹಿಂದೆ ತೂಗಿದ ಲಾರಿಗಳಿವೆ. ನಮ್ಮ ಕ್ಲಾಸ್ ಎ, 70 ಆರ್ ಚಿತ್ರಗಳ ಹಿಂದೆ ನಮ್ಮ ರಸ್ತೆಯಲ್ಲಿ ತೂಗಿದ ಲಾರಿಗಳಿಲ್ಲ.

‘ಭಾರ ಜಾಸ್ತಿಯೇ ಇದೆಯಲ್ಲ, ತೂಗಿದರೇನು ಬಿಟ್ಟರೇನು?’ ಎಂಬುದು ಮುಂದಿನ ವಾದ. ಈ ವಾದವನ್ನು ಮಾತಿನಲ್ಲಿ ಅಲ್ಲ, ಲೆಕ್ಕದಲ್ಲೇ ಪರೀಕ್ಷಿಸಬೇಕು. ಕ್ಯಾಲ್ಕ್ಯುಲೇಟರ್ ಇದ್ದವರು ನನ್ನ ಜೊತೆಗೇ ಹಾಕಿ ನೋಡಬಹುದು.

30 ಮೀಟರಿನ ಸರಳ ಆಧಾರದ ಸ್ಪ್ಯಾನ್ ತೆಗೆದುಕೊಳ್ಳಿ, ಎರಡು ಪಥ. 70 ಆರ್ ಬಂಡಿಯನ್ನು ಅತಿ ಕೆಟ್ಟ ಜಾಗದಲ್ಲಿ ನಿಲ್ಲಿಸಿದರೆ ಬೆಂಡಿಂಗ್ ಮೊಮೆಂಟ್ ಸುಮಾರು 588 ಟನ್-ಮೀಟರ್. ಓಡುವ ವಾಹನದ ಕುಲುಕಾಟಕ್ಕೆಂದು ಇಂಪ್ಯಾಕ್ಟ್ ಶೇ 12.5 ಸೇರಿಸಿದರೆ 660ರ ಆಸುಪಾಸು. ಎರಡು ಪಥದಲ್ಲೂ ಕ್ಲಾಸ್ ಎ ಹಾಕಿದರೆ ಇದಕ್ಕಿಂತ ತುಸು ಕಡಿಮೆ. ಈಗ ಕಾಗದ ಬಿಟ್ಟು ರಸ್ತೆಗೆ ಬನ್ನಿ. ಹತ್ತು ಚಕ್ರದ ಟಿಪ್ಪರ್ ಕಾನೂನಿನ ಮಿತಿಯೊಳಗೇ ಸುಮಾರು 28 ಟನ್ ತೂಗುತ್ತದೆ. ಜಾಮ್ ಆದಾಗ ಒಂದರ ಹಿಂದೊಂದು ನಿಂತರೆ, ಮುಂದಿನ ಸಂದು ಸೇರಿ ಒಂದಕ್ಕೆ ಹತ್ತು ಮೀಟರ್ ಜಾಗ ಹಿಡಿಯೋಣ. ಅಂದರೆ ಮೀಟರಿಗೆ 2.8 ಟನ್. ಒಂದು ಪಥಕ್ಕೆ 315, ಎರಡಕ್ಕೆ 630 ಟನ್-ಮೀಟರ್. ಸಂಹಿತೆಯ ‘ಭಾರಿ’ ವಾಹನಕ್ಕೂ, ಒಂದು ಕಿಲೋ ಓವರ್‌ಲೋಡ್ ಇಲ್ಲದ ಟಿಪ್ಪರುಗಳ ಸಾಲಿಗೂ ಇರುವ ಅಂತರ ಶೇ 5ರ ಆಜುಬಾಜು. ಅದೇ ಟಿಪ್ಪರುಗಳು 40 ಟನ್ ಹೊತ್ತಿದ್ದರೆ 900.

ಸ್ಪ್ಯಾನ್ 60 ಮೀಟರ್ ಆದರೆ ಏನಾಗುತ್ತದೆ? ಇಂಪ್ಯಾಕ್ಟ್ ಸೇರಿಸಿಯೂ 70 ಆರ್ ಕೊಡುವುದು 1,450 ಟನ್-ಮೀಟರ್, ಎರಡು ಪಥದ ಕ್ಲಾಸ್ ಎ ಸುಮಾರು 1,550. ಕಾರಣ, ಒಂದು 70 ಆರ್ ಬಂಡಿಗೂ ಮುಂದಿನದಕ್ಕೂ ನಡುವೆ ಕನಿಷ್ಠ 30 ಮೀಟರ್ ಬಿಡಬೇಕು ಎನ್ನುತ್ತದೆ ಸಂಹಿತೆ. ಕ್ಲಾಸ್ ಎ ಸಾಲುಗಳ ನಡುವೆ 18.5 ಮೀಟರ್. ಈ ಶಿಸ್ತನ್ನು ನೆಲಮಂಗಲದ ಜಾಮ್‌ನಲ್ಲಿ ನಿಂತ ಯಾವ ಚಾಲಕನೂ ಪಾಲಿಸುವುದಿಲ್ಲ. ಅಲ್ಲಿ ಬಂಪರಿಗೆ ಬಂಪರ್ ತಾಗುವಷ್ಟು ಹತ್ತಿರ ನಿಲ್ಲುತ್ತಾರೆ. ಟಿಪ್ಪರ್ ಸಾಲಿನ ಲೆಕ್ಕ 60 ಮೀಟರಿಗೆ 2,520 ಟನ್-ಮೀಟರ್, ಸಂಹಿತೆಯ ದೊಡ್ಡ ಅಂಕಿಯ 1.6 ಪಟ್ಟು.

ಎರಡೂ ಪಥದಲ್ಲಿ ಎಲ್ಲ ಲಾರಿಗಳೂ ತುಂಬಿರುವುದು ಅಪರೂಪ ಅಲ್ಲವೇ ಎಂದು ಕೇಳುತ್ತೀರಿ. ಹಳೆಯ ದ್ವಿಪಥ ರಸ್ತೆಯಲ್ಲಿ ಹೌದು. ಒಂದು ಕಡೆ ತುಂಬಿದ ಲಾರಿ ಹೋದರೆ ಇನ್ನೊಂದು ಕಡೆಯಿಂದ ಖಾಲಿ ಲಾರಿ ಬರುತ್ತಿತ್ತು. ಆದರೆ ಈಗ ಹೆದ್ದಾರಿಗಳು ಚತುಷ್ಪಥ, ಷಟ್ಪಥ. ಒಂದು ಬದಿಯ ಸೇತುವೆಯ ಎಲ್ಲ ಪಥಗಳೂ ಒಂದೇ ದಿಕ್ಕಿಗೆ. ಗಣಿಯಿಂದ, ಕ್ವಾರಿಯಿಂದ, ಬಂದರಿನಿಂದ ಬರುವ ಬದಿಯಲ್ಲಿ ತುಂಬಿದ ಲಾರಿಗಳೇ ಸಾಲಾಗಿ ಬರುತ್ತವೆ. ರಸ್ತೆಯ ಸ್ವರೂಪ ಬದಲಾಗಿದೆ, ಬಂಡಿಯ ಚಿತ್ರ ಬದಲಾಗಿಲ್ಲ.

ಮಜಾ ಏನೆಂದರೆ ಸಂಹಿತೆ ಬರೆದವರಿಗೆ ಇದು ಗೊತ್ತು. ಐಆರ್‌ಸಿ:6ರಲ್ಲಿ ಈಗ ‘ಕಂಜೆಶನ್ ಫ್ಯಾಕ್ಟರ್’ ಎಂಬ ಕೋಷ್ಟಕವಿದೆ. 30 ಮೀಟರ್‌ವರೆಗೆ 1.15, ಸ್ಪ್ಯಾನ್ ಬೆಳೆದಂತೆ ಅದೂ ಬೆಳೆದು 60 ಮೀಟರಿಗೆ 1.60, 70 ದಾಟಿದರೆ 1.70. ನನ್ನ ಒರಟು ಟಿಪ್ಪರ್ ಲೆಕ್ಕದಲ್ಲಿ 60 ಮೀಟರಿಗೆ ಬಂದದ್ದೂ 1.6 ಪಟ್ಟೇ. ಅಂದಮೇಲೆ ಮೂಲ ಬಂಡಿ ಉದ್ದ ಸ್ಪ್ಯಾನಿಗೆ ಸಾಲದು ಎಂದು ಪುಸ್ತಕವೇ ಒಪ್ಪಿಕೊಂಡ ಹಾಗಾಯಿತು. ಆದರೆ ಆ ಒಪ್ಪಿಗೆಗೆ ಒಂದು ಬಾಲವಿದೆ: ಬಂದರು, ಭಾರಿ ಕೈಗಾರಿಕೆ, ಗಣಿಗಳ ಹತ್ತಿರ ಮತ್ತು ಭಾರಿ ವಾಹನಗಳ ದಟ್ಟಣೆ ಪದೇ ಪದೇ ಆಗುವೆಡೆ, ‘ಸಂಬಂಧಪಟ್ಟ ಪ್ರಾಧಿಕಾರ ತೀರ್ಮಾನಿಸಿದಂತೆ’ ಈ ತಪಾಸಣೆ. ಪ್ರಾಧಿಕಾರ ತೀರ್ಮಾನಿಸದಿದ್ದರೆ ತಪಾಸಣೆಯೂ ಇಲ್ಲ. ಬಳ್ಳಾರಿ, ಸಂಡೂರು, ಹೊಸಪೇಟೆಯ ಅದಿರು ಲಾರಿಗಳು ಬಳ್ಳಾರಿಯಲ್ಲೇ ಸುತ್ತುತ್ತಿದ್ದವೇ? ಬೇಲೆಕೇರಿಗೂ ಹೋದವು, ಮಂಗಳೂರಿಗೂ ಹೋದವು, ನೆರೆರಾಜ್ಯದ ಬಂದರುಗಳಿಗೂ ಹೋದವು. ಅವುಗಳ ಮಿತಿಮೀರಿದ ಹೇರಿಕೆಯನ್ನು ನಮ್ಮ ಲೋಕಾಯುಕ್ತ ವರದಿಯೇ ದಾಖಲಿಸಿದೆ. ದಾರಿಯುದ್ದಕ್ಕೂ ಇರುವ ಸೇತುವೆಗಳಲ್ಲಿ ಯಾವುದು ‘ಗಣಿಯ ಹತ್ತಿರ’, ಯಾವುದು ದೂರ?

ಪ್ರಾಮಾಣಿಕವಾಗಿ ಇನ್ನೊಂದು ಮಾತು ಹೇಳಬೇಕು. 60 ಮೀಟರಿನ ಪ್ರಿಸ್ಟ್ರೆಸ್ ಗರ್ಡರಿನಲ್ಲಿ ಕಾಂಕ್ರೀಟಿನ ಸ್ವಂತ ಭಾರವೇ ಸಿಂಹಪಾಲು. ಲೈವ್ ಲೋಡಿಗೆ 1.5ರ ಸುರಕ್ಷಾ ಗುಣಕವೂ ಇದೆ. ಹಾಗಾಗಿ ಒಂದು ಜಾಮ್ ಆದ ಕೂಡಲೇ ಸೇತುವೆ ಮುರಿದು ಬೀಳುವುದಿಲ್ಲ, ಯಾರೂ ಹೆದರಬೇಕಿಲ್ಲ. ಆದರೆ ಆ 1.5 ಇರುವುದು ಯಾವುದಕ್ಕೆ? ಊಹೆಗೆ ಸಿಗದ ಓವರ್‌ಲೋಡ್, ವಿಶ್ಲೇಷಣೆಯ ಲೋಪ, ಇಂಥವಕ್ಕೆ. ಕಾನೂನುಬದ್ಧ ತೂಕದ ಲಾರಿಗಳು ಸುಮ್ಮನೆ ಸಾಲಾಗಿ ನಿಂತರೇ ಆ ಗುಣಕವನ್ನು ತಿಂದುಹಾಕುವಂತಿದ್ದರೆ ಉಳಿದದ್ದಕ್ಕೆ ಏನು ಉಳಿಯಿತು?

ಇನ್ನು ಚಿಕ್ಕ ಸ್ಪ್ಯಾನ್. ಇಲ್ಲಿ ಕಥೆ ತಲೆಕೆಳಗು. ಮೋರಿಗೂ ಡೆಕ್ ಸ್ಲ್ಯಾಬಿಗೂ 40 ಟನ್ ಬೋಗಿ ಹಾಕುತ್ತೇವೆ. ರಸ್ತೆಯಲ್ಲಿ ಜೋಡಿ ಆಕ್ಸಲ್‌ಗೆ ಕಾನೂನು ಕೊಟ್ಟ ಮಿತಿ 21 ಟನ್. ಓವರ್‌ಲೋಡಿಗೆಂದು ಧಾರಾಳವಾಗಿ ಬಿಟ್ಟುಕೊಟ್ಟರೂ ಊರೂರಿನ ಸಾವಿರಾರು ಮೋರಿಗಳಲ್ಲಿ ಕಬ್ಬಿಣ ದಂಡವಾಗಿ ಹೋಗುತ್ತಿದೆ. ಬೇಡದ ಕಡೆ ಹೆಚ್ಚು, ಬೇಕಾದ ಕಡೆ ಕಡಿಮೆ. ‘ನಮ್ಮ ಭಾರ ಜಾಸ್ತಿ’ ಎಂಬ ಮಾತಿನ ನಿಜವಾದ ಅರ್ಥ ಇಷ್ಟೇ.

ಇದೆಲ್ಲ ಒಂದು ಸಲದ ಗರಿಷ್ಠ ಭಾರದ ಮಾತಾಯಿತು. ಸೇತುವೆಯನ್ನು ಸವೆಸುವುದು ಗರಿಷ್ಠ ಭಾರವಲ್ಲ, ದಿನದಿನದ ಭಾರ. ಉಕ್ಕಿನ ಬೆಸುಗೆಯ ಜಾಗಗಳಲ್ಲಿ ದಣಿವಿನ ಹಾನಿ ಒತ್ತಡದ ಏರಿಳಿತದ ಮೂರನೇ ಘಾತಕ್ಕೆ ತಕ್ಕಂತೆ ಬೆಳೆಯುತ್ತದೆ ಎಂಬುದು ಎಲ್ಲ ಪಠ್ಯದಲ್ಲೂ ಇರುವ ಸರಳ ನಿಯಮ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ಲಾರಿಗಳ ತೂಕದ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು. ಎರಡು ಆಕ್ಸಲಿನ ಲಾರಿ 16.2ರಿಂದ 18.5ಕ್ಕೆ, ಅತಿ ದೊಡ್ಡ ಲಾರಿ 49ರಿಂದ 55ಕ್ಕೆ ಏರಿತು. ಸಾಗಾಣಿಕೆ ಅಗ್ಗವಾಗುತ್ತದೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಘಾತದ ಲೆಕ್ಕ ಹಾಕಿ: ಆಕ್ಸಲ್ ಭಾರ ಶೇ 12.7 ಹೆಚ್ಚಾದರೆ ದಣಿವಿನ ಹಾನಿ ಪ್ರತಿ ಓಡಾಟಕ್ಕೂ 1.43 ಪಟ್ಟು. ಎಲ್ಲರೂ ಹೊಸ ಮಿತಿಯವರೆಗೆ ಹೇರಿದರೆ 100 ವರ್ಷಕ್ಕೆಂದು ಬರೆದ ಬಾಳಿಕೆ 70ಕ್ಕೆ ಇಳಿಯುತ್ತದೆ. ಸೇತುವೆಯವರು ಏನೆಂದರು? ‘70 ಆರ್ 100 ಟನ್, ಇದು ಬರೀ 55. ತೊಂದರೆ ಇಲ್ಲ.’ ತಾಯಿತದ ಶಕ್ತಿ ಹೀಗೆ.

ಸಂಹಿತೆಯಲ್ಲಿ ದಣಿವಿಗೆಂದೇ 40 ಟನ್ನಿನ ಒಂದು ಲಾರಿ ಇದೆ. ಬಂದರು, ಗಣಿಗಳ ಬಳಿ ಒಂದು ಕೋಟಿ ಆವರ್ತನ, ಉಳಿದೆಡೆ 20 ಲಕ್ಷ, ಗ್ರಾಮೀಣ ರಸ್ತೆಗೆ ಏನೂ ಬೇಡ ಎನ್ನುತ್ತದೆ. ದಿನಕ್ಕೆ ಒಂದು ಬದಿಯಲ್ಲಿ 4,000 ಭಾರಿ ವಾಹನ ಹೋಗುವ ಹೆದ್ದಾರಿಯಲ್ಲಿ 20 ಲಕ್ಷ ಓಡಾಟ ಮುಗಿಯಲು 500 ದಿನ ಸಾಕು. ಎಲ್ಲವೂ 40 ಟನ್ ಇರುವುದಿಲ್ಲ, ನಿಜ. ಹತ್ತರಲ್ಲಿ ಒಂದು ಅಷ್ಟು ತೂಗಿದರೂ ಹದಿನಾಲ್ಕು ವರ್ಷದೊಳಗೆ ಮುಗಿಯಿತು. ಸೇತುವೆಯ ವಿನ್ಯಾಸದ ಬಾಳಿಕೆ ಮಾತ್ರ 100 ವರ್ಷ.

ಇಲ್ಲಿ ನನಗೆ ಅತ್ಯಂತ ಕಿರಿಕಿರಿ ಮಾಡುವ ಸಂಗತಿ ಬೇರೆಯೇ. ಅದೇ ಹೆದ್ದಾರಿ ಯೋಜನೆಯಲ್ಲಿ, ಅದೇ ಕಚೇರಿಯ ಪಕ್ಕದ ಮೇಜಿನಲ್ಲಿ ಕುಳಿತ ರಸ್ತೆ ವಿನ್ಯಾಸಕ ಹೀಗೆ ಮಾಡುವುದಿಲ್ಲ. ಐಆರ್‌ಸಿ:37ರ ಪ್ರಕಾರ ಡಾಂಬರಿನ ದಪ್ಪ ನಿರ್ಧರಿಸಲು ಅವನು ರಸ್ತೆಬದಿಯಲ್ಲಿ ಲಾರಿ ನಿಲ್ಲಿಸಿ ಆಕ್ಸಲ್ ತೂಗಿಸುತ್ತಾನೆ, ಹಾನಿಯ ಗುಣಾಂಕ ಲೆಕ್ಕ ಹಾಕುತ್ತಾನೆ. ಕಾಂಕ್ರೀಟ್ ರಸ್ತೆಯಾದರೆ ಆಕ್ಸಲ್ ಭಾರಗಳ ಪೂರ್ತಿ ಹಂಚಿಕೆಯೇ ಬೇಕು. ಅಂಥ ಸಮೀಕ್ಷೆಯ ವರದಿ ಯೋಜನಾ ಕಡತದಲ್ಲಿ ಇದೆ. ಹದಿನೈದಿಪ್ಪತ್ತು ವರ್ಷಕ್ಕೆ ಮತ್ತೆ ಹಾಕಬೇಕಾದ ಡಾಂಬರಿಗೆ ನಿಜವಾದ ಲಾರಿಗಳ ತೂಕ, ನೂರು ವರ್ಷ ನಿಲ್ಲಬೇಕಾದ ಗರ್ಡರಿಗೆ ಪುಸ್ತಕದ ಚಿತ್ರ. ಸೇತುವೆಯ ವಿನ್ಯಾಸಕ ಆ ವರದಿಯನ್ನು ತೆರೆಯುವುದೇ ಇಲ್ಲ. ಸ್ಟಾಡ್, ಮಿಡಾಸ್‌ನಂಥ ವಿನ್ಯಾಸ ತಂತ್ರಾಂಶದಲ್ಲಿ ಮೆನು ತೆರೆದು ‘ಐಆರ್‌ಸಿ ಕ್ಲಾಸ್ ಎ’, ‘70 ಆರ್’ ಎಂದು ಒತ್ತಿದರೆ ಬಂಡಿ ತಾನೇ ಓಡುತ್ತದೆ, ಬಣ್ಣಬಣ್ಣದ ಚಿತ್ರ ಬರುತ್ತದೆ. ಮೂರು ದಶಮಾಂಶ ಸ್ಥಾನದವರೆಗೆ ಉತ್ತರ. ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ.

‘ಆದರೂ ನಮ್ಮ ಸೇತುವೆಗಳು ಲಾರಿ ಭಾರಕ್ಕೆ ಬಿದ್ದಿಲ್ಲವಲ್ಲ’ ಎಂಬುದು ಎದುರಿನವರ ಅತ್ಯಂತ ಗಟ್ಟಿ ವಾದ. ಅದರಲ್ಲಿ ಸತ್ಯವಿದೆ. 1977ರಿಂದ 2017ರವರೆಗೆ ದೇಶದಲ್ಲಿ ವಿಫಲವಾದ 2,130 ಸೇತುವೆಗಳ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಶೇ 80.3 ಪ್ರಕೃತಿ ವಿಕೋಪ, ಶೇ 10.1 ಸಾಮಗ್ರಿಯ ಶಿಥಿಲತೆ, ಓವರ್‌ಲೋಡ್ ಶೇ 3.28 ಮಾತ್ರ. ಬಿದ್ದ ಸೇತುವೆಗಳ ಸರಾಸರಿ ವಯಸ್ಸು 34.5 ವರ್ಷ. ಈ ಅಂಕಿ ನನ್ನ ವಿರುದ್ಧ ಎಂದುಕೊಳ್ಳಬೇಡಿ. ಮೊದಲನೆಯದಾಗಿ, ಕುಸಿತವಾದಾಗಲೆಲ್ಲ ಲಾರಿಯವನ ಕಡೆ ಬೆರಳು ತೋರಿಸುವ ಚಟಕ್ಕೆ ಇದೇ ಉತ್ತರ. 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಮೇಲೆ, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ನೀರಿಗೆ ಬಿದ್ದದ್ದು ಒಂದು ಲಾರಿ. ಒಂದೇ. ನಾಲ್ಕು ದಶಕದ ಹಿಂದೆ ಕಟ್ಟಿದ ಹೆದ್ದಾರಿ ಸೇತುವೆ ಒಂದು ಲಾರಿಗೆ ಕುಸಿದರೆ ಅದು ಲಾರಿಯ ತಪ್ಪಾಗುವುದು ಹೇಗೆ?

ಎರಡನೆಯದು ಇನ್ನೂ ಮುಖ್ಯ. ಶಿಥಿಲವಾದ ಸೇತುವೆಯ ಮುಂದೆ ನಿಂತಾಗ ವಿನ್ಯಾಸದ ಭಾರ ಎಷ್ಟಿತ್ತು ಎಂಬುದು ಕೆಲಸಕ್ಕೆ ಬಾರದು. ಇವತ್ತು ಈ ರಸ್ತೆಯಲ್ಲಿ ಬರುವ ಭಾರ ಎಷ್ಟು, ಇವತ್ತಿನ ತಾಕತ್ತು ಎಷ್ಟು ಎಂಬ ಎರಡೇ ಪ್ರಶ್ನೆ. ಬೆಂಗಳೂರಿನ ಪೀಣ್ಯ ಮೇಲ್ಸೇತುವೆಯನ್ನೇ ನೋಡಿ. 2010ರಲ್ಲಿ ತೆರೆದದ್ದು. 2021ರ ಡಿಸೆಂಬರ್‌ನಲ್ಲಿ 102 ಮತ್ತು 103ನೇ ಕಂಬಗಳ ನಡುವೆ ಪ್ರಿಸ್ಟ್ರೆಸ್ ಕೇಬಲ್ ಕೆಟ್ಟದ್ದು ಗೊತ್ತಾಗಿ ಮುಚ್ಚಿದರು. ಕಾರು, ಬೈಕುಗಳನ್ನು ಬೇಗ ಬಿಟ್ಟರು. ಭಾರಿ ವಾಹನಗಳು ಮತ್ತೆ ಹತ್ತಿದ್ದು 2024ರ ಜುಲೈ ಕೊನೆಯಲ್ಲಿ. ಎರಡೂವರೆ ವರ್ಷ ದಟ್ಟಣೆಯ ಲಾರಿ ದಾರಿಯೊಂದು ಕೆಳಗಿನ ಸರ್ವಿಸ್ ರಸ್ತೆಗೆ ಇಳಿದಿತ್ತು. ಮತ್ತೆ ತೆರೆಯುವ ಮೊದಲು ಭಾರಪರೀಕ್ಷೆ ಮಾಡಿದಾಗ ಸೇತುವೆಯ ಮೇಲೆ ತಂದು ನಿಲ್ಲಿಸಿದ್ದು 70 ಆರ್ ಬಂಡಿಯನ್ನಲ್ಲ. ಭರ್ತಿ ಮಾಡಿದ ಲಾರಿಗಳನ್ನು. ಕಡೆಗೆ ನಂಬಬೇಕಾಗಿ ಬಂದದ್ದು ತೂಗಿದ ಲಾರಿಯನ್ನೇ.

ಹಳೆಯ ಸೇತುವೆಗಳ ಪಾಡಂತೂ ಕೇಳಬೇಡಿ. ಸಾಮರ್ಥ್ಯ ಅಳೆಯಲು ಐಆರ್‌ಸಿ:ಎಸ್‌ಪಿ:37 ಎಂಬ ಮಾರ್ಗಸೂಚಿ 1991ರಿಂದ ಇದೆ. ಆದರೂ ಜಿಲ್ಲೆಯ ರಸ್ತೆಗಳಲ್ಲಿ ಕಾಣುವುದು ‘ಸೇತುವೆ ಶಿಥಿಲವಾಗಿದೆ, ಭಾರಿ ವಾಹನ ನಿಷೇಧ’ ಎಂಬ ಫಲಕ. ಎಷ್ಟು ಟನ್ ಎಂದರೆ ಭಾರಿ? ಬಸ್ಸು ಭಾರಿಯೇ? ತೊಗರಿ ಹೇರಿದ ಟ್ರ್ಯಾಕ್ಟರ್? ಫಲಕ ಬರೆಸಿದವರಿಗೂ ಗೊತ್ತಿಲ್ಲ. ಬೆಂಗಳೂರಿನ ಈಜಿಪುರಕ್ಕೆ ತಮಿಳುನಾಡಿನಿಂದ ವಿಷ್ಣುವಿನ ಏಕಶಿಲಾ ವಿಗ್ರಹ ಬಂದದ್ದು ಓದುಗರಿಗೆ ನೆನಪಿರಬಹುದು. ಸುಮಾರು 350 ಟನ್ ಕಲ್ಲು, 240 ಚಕ್ರದ ಟ್ರೇಲರ್, 2018ರ ಕೊನೆಯಲ್ಲಿ ಹೊರಟು 2019ರ ಮಧ್ಯದಲ್ಲಿ ತಲುಪಿತು. ದಾರಿಯಲ್ಲಿ ಸೇತುವೆ ತಾಳೀತೆ ಎಂಬ ಪ್ರಶ್ನೆ ಬಂದಾಗ ನದಿಯೊಳಗೇ ಮಣ್ಣಿನ ದಾರಿ ಹಾಕಿ ದಾಟಿಸಿದರು. ಸಂಹಿತೆಯಲ್ಲಿ ಈಗ 385 ಟನ್ನಿನ ‘ವಿಶೇಷ ವಾಹನ’ ಸೇರಿದೆ, ಗಂಟೆಗೆ 5 ಕಿಲೋಮೀಟರಿಗಿಂತ ವೇಗವಾಗಿ ಹೋಗಕೂಡದು, ಡೆಕ್ಕಿನ ನಡುವೆಯೇ ಸಾಗಬೇಕು, ಆ ಹೊತ್ತಿಗೆ ಬೇರೆ ವಾಹನ ಇರಕೂಡದು ಎಂಬ ಷರತ್ತಿನೊಂದಿಗೆ. ಒಳ್ಳೆಯದೇ. ಹೊಸ ಸೇತುವೆಗೆ ಇನ್ನೊಂದು ಬಂಡಿ ಸಿಕ್ಕಿತು. ಹಳೆಯದರ ತಾಕತ್ತು ಎಷ್ಟೆಂಬ ಪ್ರಶ್ನೆ ಇದ್ದಲ್ಲೇ ಇದೆ.

ತೂಗಲು ದುಡ್ಡಿಲ್ಲ, ಯಂತ್ರವಿಲ್ಲ ಎಂಬ ನೆಪವೂ ಈಗ ನಡೆಯದು. ಟೋಲ್‌ಗೇಟುಗಳಲ್ಲಿ ವಾಹನ ಓಡುತ್ತಿರುವಾಗಲೇ ಆಕ್ಸಲ್ ತೂಗುವ ಯಂತ್ರಗಳಿವೆ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಪ್ರತಿ ಲಾರಿಯ ಸಮಯ, ವರ್ಗ ಎಲ್ಲ ದಾಖಲಾಗುತ್ತದೆ. ಈ ತೂಕವನ್ನು ಈಗ ಬಳಸುವುದು ದಂಡ ವಸೂಲಿಗೆ. 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಾದ ಸರಕನ್ನು ಇಳಿಸಿಯೇ ಮುಂದೆ ಬಿಡಬೇಕೆಂದು ಮೋಟಾರು ವಾಹನ ಕಾಯ್ದೆಯ 114ನೇ ಕಲಮು ಹೇಳುತ್ತದೆ, ಸುಪ್ರೀಂ ಕೋರ್ಟ್ 2005ರಲ್ಲೇ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ ಎಂದಿತು. ದಂಡ ಕಟ್ಟಿದ ಲಾರಿ ಅದೇ ಭಾರದೊಂದಿಗೆ ಮುಂದಿನ ಸೇತುವೆ ಹತ್ತುವುದನ್ನು ಹೆದ್ದಾರಿಯಲ್ಲಿ ಓಡಾಡುವ ಎಲ್ಲರೂ ಕಂಡಿದ್ದೇವೆ. ಚೀಟಿಯಲ್ಲಿ ತೂಕ ಬರೆದಿದೆ, ಖಜಾನೆಗೆ ಹಣ ಹೋಗಿದೆ, ಸೇತುವೆಯ ಕಡತಕ್ಕೆ ಮಾತ್ರ ಆ ತೂಕ ಹೋಗಿಲ್ಲ.

ಮಾಡಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಹೆದ್ದಾರಿ ಪ್ರಾಧಿಕಾರ ಈ ಆಕ್ಸಲ್ ದಾಖಲೆಯನ್ನು, ವಾಹನ ಸಂಖ್ಯೆ ತೆಗೆದುಹಾಕಿ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಬಿಟ್ಟುಕೊಡಲಿ. ಒಂದೇ ದಿಕ್ಕಿನ ಬಹುಪಥ ಸೇತುವೆಗಳಿಗೆಲ್ಲ ದಟ್ಟಣೆಯ ತಪಾಸಣೆಯನ್ನು ಯಾರ ಮರ್ಜಿಗೂ ಬಿಡದೆ ಕಡ್ಡಾಯ ಮಾಡಲಿ. ಲಾರಿ ತೂಕದ ಮಿತಿ ಏರಿಸುವ ಮುಂದಿನ ಅಧಿಸೂಚನೆಯ ಜೊತೆಗೆ ಸೇತುವೆಗಳ ಬಾಳಿಕೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕವನ್ನೂ ಲಗತ್ತಿಸಲಿ. ಶಿಥಿಲ ಸೇತುವೆಯ ಫಲಕದ ಮೇಲೆ ಟನ್ನಿನ ಅಂಕಿ ಬರಲಿ. ಮತ್ತು ಐಆರ್‌ಸಿ:6ರ ಮುಂದಿನ ಆವೃತ್ತಿಯಲ್ಲಿ, ಬಂಡಿಗಳ ಚಿತ್ರದ ಕೆಳಗೆ, ಇವನ್ನು ಯಾವ ರಸ್ತೆಯಲ್ಲಿ, ಯಾವ ವರ್ಷ, ಎಷ್ಟು ಲಾರಿ ತೂಗಿ ನಿರ್ಧರಿಸಿದೆವು ಎಂದು ಎರಡು ಸಾಲು ಬರೆಯಲಿ. ಬರೆಯಲು ಆಗದಿದ್ದರೆ ನಮ್ಮ ಭಾರವೇ ಜಾಸ್ತಿ, ನಮ್ಮ ಗರ್ಡರೇ ಗಟ್ಟಿ ಎಂದು ಹೇಳಿಕೊಳ್ಳುವುದನ್ನಾದರೂ ನಿಲ್ಲಿಸಲಿ.